ಬಾಡಿಗೆದಾರರಿಗೊಂದು, ಮಾಲೀಕರಿಗೊಂದು ನಿಯಮವೇ?

ಬೆಂಗಳೂರಿನಲ್ಲಿ ನಾನು ವಾಸಿಸುವ ವಸತಿ ಸಮುಚ್ಚಯದಲ್ಲಿ 112 ಮನೆಗಳಿವೆ. ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ಇರುವವರು ಬಾಡಿಗೆದಾರರು. 2022ರಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯು ಬಾಡಿಗೆದಾರರಿಗೆಂದೇ ಒಂದು ನಿಯಮಾವಳಿ ಬೇಕೆಂದು ತೀರ್ಮಾನಿಸಿದಾಗ ಕರಡು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ಸರ್ಕಾರಿ ಸೇವೆಯಲ್ಲಿ ಸುತ್ತೋಲೆಗಳನ್ನು ಬರೆದು ಪಳಗಿದ ಕೈ. ಎರಡು ಸಂಜೆಗಳಲ್ಲಿ 19 ಕಲಮುಗಳು ತಯಾರಾದವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಾಡಿಗೆದಾರರ ಅತಿಥಿಗಳಿಗೆ ಪ್ರವೇಶವಿಲ್ಲ. ಅವಿವಾಹಿತರಿಗೆ ಮನೆ ಕೊಡುವ ಮುನ್ನ ಸಮಿತಿಯ ಒಪ್ಪಿಗೆ ಪಡೆಯತಕ್ಕದ್ದು. ಮನೆ ಬದಲಾಯಿಸುವಾಗ ಸಾಮಾನು ಸಾಗಣೆಗೆ ಶುಲ್ಕ ತೆರತಕ್ಕದ್ದು. ಬಾಡಿಗೆದಾರರ ಮಕ್ಕಳು ಸಂಜೆ ಏಳರ ನಂತರ ಉದ್ಯಾನದಲ್ಲಿ ಆಡಕೂಡದು. ಹೀಗೆ ಸಾಗಿತ್ತು ಪಟ್ಟಿ. ಸರ್ವಸದಸ್ಯರ ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿತು. ಸಭೆಯಲ್ಲಿ ಬಾಡಿಗೆದಾರರು ಒಬ್ಬರೂ ಇರಲಿಲ್ಲ. ನಾವು ಅವರನ್ನು ಕರೆದೇ ಇರಲಿಲ್ಲ.

ಕಳೆದ ಚಳಿಗಾಲದ ಒಂದು ದಿನ ನಸುಕಿನ ಐದು ಗಂಟೆಗೆ ನಡಿಗೆಗೆಂದು ಹೊರಟಾಗ ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಹಿರಿಯರೊಬ್ಬರು ಶಾಲು ಹೊದ್ದು ಕುಳಿತಿದ್ದರು. ಕಾಲ ಬುಡದಲ್ಲಿ ತೆಂಗಿನಕಾಯಿಯ ಚೀಲ. ಅರಸೀಕೆರೆ ಕಡೆಯವರು, ರಾತ್ರಿ ರೈಲಿನಲ್ಲಿ ಬಂದಿಳಿದಿದ್ದರು. ಮಗಳು ನಮ್ಮಲ್ಲಿ ಬಾಡಿಗೆಗಿದ್ದಾಳೆ, ಆಸ್ಪತ್ರೆಯೊಂದರಲ್ಲಿ ದಾದಿ. ಅಂದು ಅವಳಿಗೆ ರಾತ್ರಿ ಪಾಳಿ. ತಂದೆ ಬರುತ್ತಾರೆಂದು ಮೊದಲೇ ತಿಳಿಸಿ ಕೀಲಿಕೈಯನ್ನು ಕಾವಲುಗಾರನ ಬಳಿ ಬಿಟ್ಟು ಹೋಗಿದ್ದಳು. ಆದರೂ ಅವನು ಒಳಗೆ ಬಿಟ್ಟಿರಲಿಲ್ಲ. ಕೇಳಿದರೆ, ‘ರೂಲ್ಸ್ ಸಾರ್’ ಎಂದು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿದ. ನಾನೇ ಬರೆದ ಹಾಳೆ! ಹಿರಿಯರು ಎದ್ದು ನಿಂತು, ‘ಪರವಾಗಿಲ್ಲ ಸ್ವಾಮಿ, ಆರು ಗಂಟೆಗೆ ಬಿಡ್ತಾರಂತೆ’ ಎಂದರು. ವಯಸ್ಸು ಸುಮಾರು ನನ್ನಷ್ಟೇ ಇರಬೇಕು. ನಾವು ಮಾತನಾಡುತ್ತಿದ್ದಾಗಲೇ ಮಾಲೀಕರೊಬ್ಬರ ಮಗ ಮೂವರು ಸ್ನೇಹಿತರೊಡನೆ ಕಾರಿನಲ್ಲಿ ಬಂದ. ಕಾವಲುಗಾರ ಸಲಾಮು ಹೊಡೆದು ಗೇಟು ತೆರೆದ. ಅವನದು ತಪ್ಪಲ್ಲ, ಆ ಕಲಮು ಮಾಲೀಕರಿಗೆ ಅನ್ವಯಿಸುತ್ತಿರಲಿಲ್ಲ.

ಹಿರಿಯರನ್ನು ಒಳಗೆ ಕರೆದೊಯ್ದು ಕಾಫಿ ಕೊಟ್ಟೆವು, ಆ ಮಾತು ಬೇರೆ. ಕಲಮನ್ನು ಬರೆದವನು ನಾನೇ ಎಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ನಿಯಮಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ನೂರಾರು ಕುಟುಂಬಗಳು ಒಂದೇ ಲಿಫ್ಟು, ಒಂದೇ ಸಂಪು, ಒಂದೇ ಮೆಟ್ಟಿಲನ್ನು ಹಂಚಿಕೊಂಡಿರುವಲ್ಲಿ ಕಟ್ಟುಪಾಡು ಇರಲೇಬೇಕು. ಮಾಲೀಕರ ದೂರುಗಳಲ್ಲಿಯೂ ಹುರುಳಿದೆ. ನಡುರಾತ್ರಿಯ ಗದ್ದಲ, ಎಲ್ಲೆಂದರಲ್ಲಿ ನಿಲ್ಲಿಸಿದ ವಾಹನಗಳು, ಮನೆಯನ್ನು ದಿನಬಾಡಿಗೆಯ ವಸತಿಗೃಹವಾಗಿಸಿಕೊಳ್ಳುವವರು, ಇವೆಲ್ಲ ಕಟ್ಟುಕತೆಗಳಲ್ಲ. ಆದರೆ ಗದ್ದಲ ಮಾಡುವವರು ಬಾಡಿಗೆದಾರರಷ್ಟೇ ಎಂದು ಯಾರು ಹೇಳಿದರು? ನಮ್ಮ ಸಂಘದ ದೂರು ಪುಸ್ತಕವನ್ನು ತಿರುವಿದಾಗ ನಾಲ್ಕನೆಯ ಮಹಡಿಯ ಒಂದು ಮನೆಯ ಮೇಲೆಯೇ ಅತಿ ಹೆಚ್ಚು ದೂರುಗಳಿದ್ದವು. ಅದು ಮಾಜಿ ಪದಾಧಿಕಾರಿಯೊಬ್ಬರ ಸ್ವಂತ ಮನೆ.

ಕಾನೂನು ಈ ಭೇದವನ್ನು ಮಾಡುವುದಿಲ್ಲ ಎಂಬುದು ಗಮನಾರ್ಹ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಮಾಲೀಕರನ್ನೂ ಬಾಡಿಗೆದಾರರನ್ನೂ ಅವರ ನೌಕರರನ್ನೂ ಒಂದೇ ಉಪವಿಧಿಗಳ ಅಧೀನಕ್ಕೆ ತರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್‌ಗಳ ಮಿತಿ ವಿಧಿಸಿವೆ. ಸದ್ದು ಮಾಡಿದವರ ಕೈಯಲ್ಲಿ ಕ್ರಯಪತ್ರವಿದೆಯೋ ಬಾಡಿಗೆ ಕರಾರಿದೆಯೋ ಎಂದು ಅವು ಕೇಳುವುದಿಲ್ಲ. ಇನ್ನೊಂದೆಡೆ, ಬಾಡಿಗೆದಾರನಿಗೆ ಕಾನೂನಿನ ಆಸರೆಯೂ ತೆಳುವಾದದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ರೂಪಿಸಿದಾಗ, ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆ ಮೊತ್ತಕ್ಕೆ ಇಂದು ಸಮುಚ್ಚಯಗಳಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾದ್ದರಿಂದ ಹನ್ನೊಂದು ತಿಂಗಳ ಕರಾರೇ ವಾಡಿಕೆಯಾಗಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು, ಹನ್ನೊಂದು ತಿಂಗಳ ಭರವಸೆಯೊಂದಿಗೆ ಬದುಕುವವನು ಸಮಿತಿಯ ಎದುರು ದನಿಯೆತ್ತುವುದು ಹೇಗೆ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು ನಾನು. ‘ಬಾಡಿಗೆದಾರನಿಗೆ ಜಾಗದ ಮೇಲೆ ಮಮತೆಯಿಲ್ಲ, ಆದ್ದರಿಂದ ಬಿಗಿ ಬೇಕು’ ಎಂಬ ನಮ್ಮ ಸಮಿತಿಯ ತರ್ಕ ಮೇಲ್ನೋಟಕ್ಕೆ ನನಗೂ ಸರಿಯೆನಿಸಿತ್ತು. ಅಲ್ಪಾವಧಿಯ ಹಿತಾಸಕ್ತಿ ಉಳ್ಳವನು ಸಾಮೂಹಿಕ ಆಸ್ತಿಯನ್ನು ಕಡೆಗಣಿಸುತ್ತಾನೆ ಎಂಬುದು ಪಠ್ಯಪುಸ್ತಕದ ಮಾತೇ ತಾನೆ. ಆದರೆ ಎಲಿನಾರ್ ಆಸ್ಟ್ರಮ್ ಅವರ ಅಧ್ಯಯನಗಳು ಹೇಳುವುದು ಬೇರೆಯದನ್ನೇ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಈ ವಿದುಷಿ ನೀರಾವರಿ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಯಂತಹ ಸಾಮೂಹಿಕ ಸಂಪನ್ಮೂಲಗಳು ಎಲ್ಲಿ ಉಳಿದಿವೆ, ಎಲ್ಲಿ ಅಳಿದಿವೆ ಎಂಬುದನ್ನು ದಶಕಗಳ ಕಾಲ ಪರಿಶೀಲಿಸಿದರು. ದೀರ್ಘಕಾಲ ಬಾಳಿದ ವ್ಯವಸ್ಥೆಗಳ ಲಕ್ಷಣಗಳಲ್ಲಿ ಒಂದು, ನಿಯಮಕ್ಕೆ ಒಳಪಟ್ಟವರಿಗೆ ಅದನ್ನು ತಿದ್ದುವುದರಲ್ಲಿಯೂ ಪಾಲಿರುವುದು. ಮಮತೆ ಇಲ್ಲವೆಂದು ಮಾತಿನ ಹಕ್ಕನ್ನು ಕಿತ್ತುಕೊಂಡರೆ ಮಮತೆ ಹುಟ್ಟುವುದಾದರೂ ಎಲ್ಲಿಂದ?

ಇದಕ್ಕೆ ಸಾಕ್ಷಿ ನಮ್ಮ ಸಮುಚ್ಚಯದಲ್ಲಿಯೇ ದೊರೆಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸತೊಡಗಿದ ದಿನಗಳವು. ಟ್ಯಾಂಕರಿನವರು ಕೇಳಿದ್ದೇ ದರ. ಅರ್ಧದಷ್ಟು ಮನೆಗಳನ್ನು ಬಿಟ್ಟು ನೀರು ಉಳಿಸುವುದು ಅಸಾಧ್ಯವೆಂದು ಅರಿವಾದಾಗ ಮೊದಲ ಬಾರಿಗೆ ಬಾಡಿಗೆದಾರರನ್ನೂ ಸಭೆಗೆ ಕರೆದೆವು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ನೀರು ಬಿಡುವ ವೇಳಾಪಟ್ಟಿಯನ್ನು ಹಾಕಿಕೊಟ್ಟವರು ಬಾಡಿಗೆಗಿದ್ದ ಇಬ್ಬರು ಯುವಕರು. ಅವಿವಾಹಿತರೆಂದು ನಾವು ಅನುಮಾನದಿಂದ ನೋಡುತ್ತಿದ್ದವರು. ಪ್ರತಿ ಮಹಡಿಗೂ ಒಬ್ಬರಂತೆ ಹೊಣೆ ಹೊತ್ತರು. ಆ ಎರಡು ತಿಂಗಳು ನೀರಿನ ವಿಷಯಕ್ಕೆ ಒಂದು ಜಗಳವೂ ಆಗಲಿಲ್ಲ. ಮಳೆ ಬಂತು, ಸಂಪು ತುಂಬಿತು. ಮುಂದಿನ ಸಭೆಗೆ ಅವರಿಗೆ ಕರೆ ಹೋಗಲಿಲ್ಲ. ನಿರ್ವಹಣಾ ವೆಚ್ಚವನ್ನು ಮಾತ್ರ ಅವರು ಆಗಲೂ ಕಟ್ಟುತ್ತಿದ್ದರು, ಈಗಲೂ ಕಟ್ಟುತ್ತಿದ್ದಾರೆ.

ಇದನ್ನೆಲ್ಲ ನಾನು ಮೊದಲೇ ಅರಿಯಬೇಕಿತ್ತು. ವರ್ಗಾವಣೆಯ ನೌಕರಿಯಲ್ಲಿ ಊರಿಂದೂರಿಗೆ ಬಾಡಿಗೆ ಮನೆ ಹುಡುಕಿದವನು ನಾನು. ಸೇವೆಗೆ ಸೇರಿದ ಹೊಸತರಲ್ಲಿ, ಮದುವೆಯಾಗಿಲ್ಲವೆಂದೂ ‘ಯಾವ ಜನ’ ಎಂದೂ ಜಗಲಿಯಲ್ಲಿ ನಿಲ್ಲಿಸಿಯೇ ಕೇಳಿದ ಮನೆಗಳು ಒಂದೆರಡಲ್ಲ. ಸ್ವಂತ ಸೂರಿನ ಕೆಳಗೆ ಕುಳಿತೊಡನೆ ಮನುಷ್ಯನಿಗೆ ಎಷ್ಟು ಬೇಗ ಮರೆವು ಬರುತ್ತದೆ!

ಈಗ ಹೊಸ ಕರಡೊಂದನ್ನು ಸಮಿತಿಗೆ ಸಲ್ಲಿಸಿದ್ದೇನೆ. 19 ಕಲಮುಗಳು ಎಂಟಕ್ಕೆ ಇಳಿದಿವೆ. ‘ಬಾಡಿಗೆದಾರ’ ಎಂಬ ಪದ ಇದ್ದಲ್ಲೆಲ್ಲ ‘ನಿವಾಸಿ’ ಎಂದು ತಿದ್ದಿದೆ; ಹಾಗೆ ತಿದ್ದಿ ಓದಿದಾಗ ಅಸಂಬದ್ಧವೆನಿಸಿದ ಕಲಮುಗಳು ತಾವಾಗಿಯೇ ಉದುರಿಹೋದವು. ಅತಿಥಿಗಳ ಕಲಮನ್ನು ಹೀಗೆ ಓದಿದಾಗ ಮಾಲೀಕರೊಬ್ಬರು, ‘ನಮ್ಮ ಮನೆಗೆ ಬರುವವರನ್ನು ತಡೆಯಲು ನೀವು ಯಾರು?’ ಎಂದು ಸಿಡುಕಿದರು. ನನಗೆ ಬೇಕಾಗಿದ್ದುದೂ ಆ ಪ್ರಶ್ನೆಯೇ. ಆಸ್ತಿಗೆ, ಕಾಯಂ ನಿಧಿಗೆ ಸಂಬಂಧಿಸಿದ ಮತ ಮಾಲೀಕರದೇ ಇರಲಿ. ದಿನನಿತ್ಯದ ವ್ಯವಹಾರದ ಸಭೆಗಳಿಗೆ ಬಾಡಿಗೆದಾರರಿಂದ ಇಬ್ಬರು ಬಂದು ಕುಳಿತು ಮಾತನಾಡಲು ಯಾವ ಕಾನೂನೂ ಅಡ್ಡಿಪಡಿಸುವುದಿಲ್ಲ. ಮನೆಯನ್ನು ಯಾರಿಗೆ ಕೊಟ್ಟಿದ್ದೇವೆಂದೇ ವಿಚಾರಿಸದೆ ಹೊರದೇಶದಲ್ಲಿ ಕುಳಿತಿರುವ ಮಾಲೀಕರಿಗೂ ಒಂದು ಕಲಮು ಸೇರಿಸಿದ್ದೇನೆ: ನಿಯಮ ಮುರಿದಾಗ ದಂಡದ ಅರ್ಧ ಪಾಲು ಅವರದು.

ಸರ್ವಸದಸ್ಯರ ಸಭೆ ಮುಂದಿನ ತಿಂಗಳು. ಸಭೆಯ ತಿಳಿವಳಿಕೆ ಪತ್ರವನ್ನು 112 ಮನೆಗಳ ಬಾಗಿಲಿಗೂ ತಲುಪಿಸಬೇಕೆಂದು ಕೇಳಿಕೊಂಡಿದ್ದೇನೆ. ಅದಕ್ಕೆ ಸಮಿತಿಯಲ್ಲಿ ಆಗಲೇ ಇಬ್ಬರು ಆಕ್ಷೇಪ ಸಲ್ಲಿಸಿದ್ದಾರೆ.