ಗಣಿತಕ್ಕೆ ಕನ್ನಡ ಸಾಲದೇ?

‘ಮನೆಮಾತು ಕನ್ನಡವೇ ಇರಲಿ, ಗಣಿತ ಮಾತ್ರ ಇಂಗ್ಲಿಷಿನಲ್ಲಿ ಆಗಲಿ’ ಎಂಬ ಮಾತು ಅಕ್ಕಲಕೋಟೆ ಸೀಮೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಮಕ್ಕಳ ಭವಿಷ್ಯವನ್ನು ಚಿಂತಿಸುವ ತಂದೆತಾಯಿಗಳನ್ನು ನಾನು ಆಕ್ಷೇಪಿಸಲಾರೆ. ಆದರೆ ಗಣಿತದ ತಿಳಿವಿಗೆ ಕನ್ನಡ ಸಾಲದೆಂಬ ನಂಬಿಕೆಯನ್ನು ಒಪ್ಪಲಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಒಂದೇ ಒಂದು ಸಂಖ್ಯೆಯನ್ನು ಮುಂದಿಟ್ಟು ನನ್ನ ಅಭಿಪ್ರಾಯವನ್ನು ನಿವೇದಿಸುತ್ತೇನೆ.

ಆ ಸಂಖ್ಯೆ 12345654321. ‘ವಿಕಟಕವಿ’ ಎಂಬ ಪದದಂತೆ ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕ್ರಿ.ಶ. 9ನೆಯ ಶತಮಾನದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಇದನ್ನು ವರ್ಣಿಸಿದ್ದಾನೆ. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಗ್ರಂಥದ ಆರಂಭದಲ್ಲಿ ಅವನು ಸ್ತುತಿಸಿರುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಆ ದೊರೆಯ ಆಸ್ಥಾನದಲ್ಲಿಯೇ. ಅವನ ರಾಜಧಾನಿ ಮಾನ್ಯಖೇಟವು ನೆರೆಯ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ.

ಪೂರ್ವಜರ ಹೆಮ್ಮೆಯಷ್ಟಕ್ಕೇ ನಿಂತರೆ ಪ್ರಯೋಜನವಿಲ್ಲ. ಈ ಸಂಖ್ಯೆ ಹೀಗೇಕಿದೆ ಎಂಬುದನ್ನು ಮಕ್ಕಳು ತಿಳಿಯಬೇಕು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗ. ಪಾಟಿಯ ಮೇಲೆ ಗುಣಾಕಾರ ಮಾಡಿ ನೋಡಿರಿ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಾಗುತ್ತದೆ. ಬಲತುದಿಯ ಸ್ಥಾನದಲ್ಲಿ ಒಂದಂಕಿ, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಎಡತುದಿಗೆ ಒಂದು. ಕೂಡಿದಾಗ ಏರಿಳಿತ ತಾನಾಗಿ ಮೂಡುತ್ತದೆ. ಆರು ಸಾಲುಗಳಲ್ಲಿ ಆರಾರು ಒಂದುಗಳಿರುವುದರಿಂದ ಅಂಕಿಗಳ ಮೊತ್ತ 36. ಹಾಗಾಗಿಯೇ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಒಂಬತ್ತು ಒಂದುಗಳವರೆಗೂ ಈ ಸೊಗಸು ಉಳಿಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಾದೊಡನೆ ನಡುವಿನ ಮೊತ್ತ 10 ಆಗಿ, ದಶಕವನ್ನು ಎಡಕ್ಕೆ ಒಯ್ಯಬೇಕಾಗುತ್ತದೆ. ಆಗ ಬರುವ 1234567900987654321ರಲ್ಲಿ ಎರಡು ಬದಿಗಳು ಹೊಂದುವುದಿಲ್ಲ. ಇದರಲ್ಲಿ ಪವಾಡವೇನೂ ಇಲ್ಲ, ಕಾರಣವಿದೆ. ಆ ಕಾರಣವನ್ನು ಕಾಣುವುದೇ ಗಣಿತ.

ವರ್ಗ, ಗುಣಲಬ್ಧ, ಸ್ಥಾನ, ದಶಕ, ಮೊತ್ತ: ಇಷ್ಟನ್ನು ವಿವರಿಸಲು ಬೇಕಾದ ಶಬ್ದಗಳೆಲ್ಲ ನಮ್ಮ ಪಾಠಪುಸ್ತಕದಲ್ಲಿಯೇ ಇವೆ. ಉನ್ನತ ವ್ಯಾಸಂಗಕ್ಕೆ ಇಂಗ್ಲಿಷ್ ಪರಿಭಾಷೆ ಅವಶ್ಯವೆಂಬುದು ನಿಜ. ಅದನ್ನೂ ಜೊತೆಜೊತೆಗೆ ಕಲಿಸೋಣ. ತನ್ನ ಮಾತಿನಲ್ಲಿ ಕಾರಣವನ್ನು ಅರಿತ ಮಗುವಿಗೆ ಮತ್ತೊಂದು ಭಾಷೆಯ ಹೆಸರನ್ನು ಕಲಿಯುವುದು ಕಷ್ಟವಲ್ಲ. ಕೇವಲ ಹೆಸರನ್ನು ಬಾಯಿಪಾಠ ಮಾಡಿದ ಮಗುವಿಗೆ ಕಾರಣ ತಾನಾಗಿ ಹೊಳೆಯುವುದಿಲ್ಲ.

ಶಾಲೆಯ ಆಡಳಿತ ಮಂಡಳಿಯಲ್ಲಿ ನನ್ನದೊಂದು ವಿನಂತಿ. ವಾರಕ್ಕೆ ಒಂದು ತಾಸನ್ನು ಪರೀಕ್ಷೆಯ ಹಂಗಿಲ್ಲದ ಗಣಿತಕ್ಕೆ ಮೀಸಲಿಡಬೇಕು. ಸೊಲ್ಲಾಪುರ, ಪುಣೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಆ ತಾಸನ್ನು ನಡೆಸಿಕೊಡಬೇಕು. ‘ಹೀಗೇಕೆ?’ ಎಂದು ಮಕ್ಕಳು ಕನ್ನಡದಲ್ಲಿ ಕೇಳಲಿ. ಕನ್ನಡದಲ್ಲಿಯೇ ಉತ್ತರ ಕೊಡುವ ಹೊಣೆ ಹಿರಿಯರಾದ ನಮ್ಮದು.