ಶೀಟ್‌ನಲ್ಲಿ 145, ಮೈಯಲ್ಲಿ 132.5

ಸ್ಪರ್ಧೆಗೆ ಇನ್ನು 26 ದಿನ ಇತ್ತು. ಮೊಬೈಲ್‌ನಲ್ಲಿದ್ದ ಶೀಟ್ ಹೇಳ್ತಿತ್ತು: ಸ್ಕ್ವಾಟ್, 145 ಕೆಜಿ, 3 ರೆಪ್, 4 ಸೆಟ್. ಹಿಂದಿನ ರಾತ್ರಿ ಆಫೀಸಿನ ಸರ್ವರ್ ಮಲಗಿದ್ದರಿಂದ ನಾನು ಮಲಗಿದ್ದು ಬೆಳಗಿನ ಜಾವ ಮೂರೂವರೆಗೆ. ಸಂಜೆ ಜಿಮ್‌ನಲ್ಲಿ ಮೊದಲ ಸೆಟ್ಟಿನ ಮೂರನೇ ರೆಪ್ ಮುಗಿಸಿ ಮೇಲೆ ಬರುವಷ್ಟರಲ್ಲಿ ಮೊಣಕಾಲು ನಡುಗ್ತಿತ್ತು. ಇನ್ನೂ ಮೂರು ಸೆಟ್ ಬಾಕಿ.

ಮಾಡೋದಾ, ಬಿಡೋದಾ?

ಪವರ್‌ಲಿಫ್ಟಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್, ಇಷ್ಟೇ ಆಟ. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ನೀವು ಎತ್ತಿದ ಅತಿ ಹೆಚ್ಚು ತೂಕ ಕೂಡಿಸಿದ್ರೆ ನಿಮ್ಮ ಟೋಟಲ್. ಯಾವುದಾದರೂ ಒಂದರಲ್ಲಿ ಮೂರು ಸಲವೂ ಫೇಲ್ ಆದ್ರೆ ಟೋಟಲ್ಲೇ ಇಲ್ಲ, ಬರಿಗೈಯಲ್ಲಿ ಮನೆಗೆ. ಒಲಿಂಪಿಕ್ಸ್‌ನಲ್ಲಿ ತಲೆ ಮೇಲೆ ಎತ್ತುತ್ತಾರಲ್ಲ, ಅದು ವೇಟ್‌ಲಿಫ್ಟಿಂಗ್. ಅದು ಬೇರೆ, ಇದು ಬೇರೆ.

ಹೋದ ವರ್ಷ ನನ್ನ ಮೊದಲ ಸ್ಪರ್ಧೆ. ಹನ್ನೆರಡು ವಾರದ ಶೀಟನ್ನು ಅಕ್ಷರಕ್ಷರ ಪಾಲಿಸಿದ್ದೆ. ಜ್ವರ ಬಂದ ವಾರವೂ ಒಂದು ಕಾಲಂ ಖಾಲಿ ಬಿಟ್ಟಿರಲಿಲ್ಲ. ಅದು ಸಾಲದು ಅಂತ ಸ್ಪರ್ಧೆಗೆ ಎಂಟು ದಿನ ಇರುವಾಗ ‘ಒಂದು ಸಲ ನೋಡೇಬಿಡೋಣ’ ಅಂತ ಜಿಮ್‌ನಲ್ಲಿ 190 ಕೆಜಿ ಡೆಡ್‌ಲಿಫ್ಟ್ ಎತ್ತಿದೆ. ವಿಡಿಯೋ ಹಾಕಿದೆ, ಲೈಕ್ ಬಂತು. ಸ್ಪರ್ಧೆಯ ದಿನ 180 ಹೇಗೋ ಎದ್ದಿತು. 190 ಎರಡು ಸಲವೂ ಮೊಣಕಾಲು ದಾಟಲಿಲ್ಲ. ಎತ್ತಬೇಕಾದ್ದನ್ನ ನಾನು ಎಂಟು ದಿನ ಮುಂಚೆಯೇ ಎತ್ತಿ ಮುಗಿಸಿದ್ದೆ.

ಆಮೇಲೆ ಕೋಚ್ ಬೈಯಲಿಲ್ಲ, ಲೆಕ್ಕ ಹೇಳಿಕೊಟ್ಟರು. ವಾರಗಟ್ಟಲೆ ಭಾರ ಎತ್ತಿದಾಗ ಮೈಯಲ್ಲಿ ಎರಡು ಜಮೆ ಆಗುತ್ತೆ: ಕಸುವು ಮತ್ತು ಆಯಾಸ. ಆಯಾಸ ಬೇಗ ಇಳಿಯುತ್ತೆ, ಕಸುವು ನಿಧಾನಕ್ಕೆ ಇಳಿಯುತ್ತೆ. ಕೊನೆಯ ಒಂದೆರಡು ವಾರ ಸೆಟ್‌ಗಳನ್ನು ಕಡಿಮೆ ಮಾಡೋದು ಇದಕ್ಕೇ. ಆಯಾಸ ಇಳಿದಿರಬೇಕು, ಕಸುವು ಉಳಿದಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಿಲೀಸ್‌ಗೆ ಮುಂಚಿನ ಕೋಡ್ ಫ್ರೀಝ್. ಆ ಹೊತ್ತಲ್ಲಿ ಹೊಸ ಫೀಚರ್ ಹಾಕೋಕೆ ಹೋದವರ ಗತಿ ನಿಮಗೂ ಗೊತ್ತು.

ಇನ್ನೊಂದು ಅಳತೆಗೋಲನ್ನೂ ಕೊಟ್ಟರು: ಆರ್‌ಪಿಇ. ಸೆಟ್ ಮುಗಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಬೇಕು, ಇನ್ನೆಷ್ಟು ರೆಪ್ ಆಗ್ತಿತ್ತು? ಎರಡು ಆಗ್ತಿತ್ತು ಅಂದ್ರೆ 8. ಒಂದು ಅಂದ್ರೆ 9. ಒಂದೂ ಆಗ್ತಿರಲಿಲ್ಲ ಅಂದ್ರೆ 10. ನನ್ನ ಶೀಟ್‌ನಲ್ಲಿ 145ರ ಪಕ್ಕ 8 ಅಂತ ಬರೆದಿತ್ತು. ಅವತ್ತು ಮೈ ಹೇಳಿದ್ದು ಒಂಬತ್ತೂವರೆ.

ಮಧ್ಯೆ ಅಪ್ಪನ ಫೋನ್. ದಾವಣಗೆರೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಲಾರಿಯಿಂದ ಮೂಟೆ ಇಳಿಸುವ ಹಮಾಲರನ್ನ ಮೂವತ್ತು ವರ್ಷದಿಂದ ನೋಡಿದವರು. ವಿಷಯ ಹೇಳಿದೆ. “ಹೊಸ ಹುಡುಗರು ಲಾರಿ ಬಂದ ಕೂಡ್ಲೇ ಎರಡೆರಡು ಮೂಟೆ ಹೊತ್ಕೊಂಡು ಓಡ್ತಾರಪ್ಪ. ಮಧ್ಯಾಹ್ನಕ್ಕೆ ಒಬ್ರೂ ಇರಲ್ಲ. ಹಳಬ್ರು ಮೊದಲು ಲಾರೀಲಿ ಎಷ್ಟಿದೆ ಅಂತ ನೋಡ್ತಾರೆ” ಅಂದರು. ಅಷ್ಟು ಹೇಳಿ ಗಿರಾಕಿ ಬಂದ್ರು ಅಂತ ಫೋನ್ ಇಟ್ಟರು.

ನಾನು ಬಾರ್‌ನಿಂದ ಪ್ಲೇಟ್ ತೆಗೆದೆ. 132.5 ಕೆಜಿ, ನಾಲ್ಕರ ಬದಲು ಇನ್ನೆರಡೇ ಸೆಟ್. ಮನೆಗೆ ಹೋಗಿ ಮಲಗಿದೆ. ನಿಜ ಹೇಳಬೇಕಂದ್ರೆ ನಾಚಿಕೆ ಆಯ್ತು. ಪಕ್ಕದ ರ‍್ಯಾಕ್‌ನ ಹುಡುಗ ನೋಡ್ತಿದ್ದಾನೆ ಅನ್ನಿಸಿತು. ಅವನು ಮೊಬೈಲ್ ನೋಡ್ತಿದ್ದ.

ಈ ಸಲ ಬದಲಾವಣೆಗೂ ನಿಯಮ ಇಟ್ಟುಕೊಂಡಿದ್ದೆ, ಇಲ್ಲಾಂದ್ರೆ ಸೋಮಾರಿತನವೂ ‘ಅಡ್ಜಸ್ಟ್‌ಮೆಂಟ್’ ಆಗಿಬಿಡುತ್ತೆ. ಒಂದು, ಮೊದಲ ಸೆಟ್ ಮಾಡದೆ ಏನನ್ನೂ ಬದಲಾಯಿಸೋ ಹಾಗಿಲ್ಲ. ಸುಸ್ತು ಅನ್ನಿಸೋದು ಬೇರೆ, ಬಾರ್ ನಿಧಾನ ಆಗೋದು ಬೇರೆ. ಎರಡು, ತೂಕ ಅಥವಾ ಸೆಟ್ ಕಡಿಮೆ ಮಾಡಬಹುದು, ವ್ಯಾಯಾಮ ಬದಲಾಯಿಸೋ ಹಾಗಿಲ್ಲ. ಮೂರು, ತಪ್ಪಿದ್ದು ತಪ್ಪಿತು. ಮಂಗಳವಾರದ ಸಾಲವನ್ನ ಗುರುವಾರ ಬಡ್ಡಿ ಸಮೇತ ತೀರಿಸೋಕೆ ಹೋಗಬಾರದು. ನಾಲ್ಕು, ಕೊನೆಯ ಭಾರಿ ಡೆಡ್‌ಲಿಫ್ಟ್ ಸ್ಪರ್ಧೆಗೆ ಹನ್ನೆರಡು ದಿನ ಮುಂಚೆ. ಆಮೇಲೆ ಬರೀ ಹಗುರ. ಐದು, ನೋವು ಚುಚ್ಚಿದರೆ ನಿಯಮಗಳೆಲ್ಲ ಬದಿಗೆ, ಮೊದಲು ಫಿಸಿಯೋ.

ಕೊನೆಯ ವಾರವೇ ಕಷ್ಟ. ಮೈ ಹಗುರ, ಮನಸ್ಸು ಭಾರ. ಏನೂ ಮಾಡ್ತಿಲ್ವಲ್ಲ ಅನ್ನೋ ತಳಮಳ. ಆ ವಾರ ನಾನು ಕಮಾಂಡ್‌ಗಳನ್ನ ಮಾತ್ರ ಅಭ್ಯಾಸ ಮಾಡಿದೆ. ಬೆಂಚ್‌ನಲ್ಲಿ ಬಾರ್ ಎದೆ ಮೇಲೆ ಅಲ್ಲಾಡದೆ ನಿಂತು, ರೆಫರಿ ‘ಪ್ರೆಸ್’ ಅಂದ ಮೇಲೇ ಎತ್ತಬೇಕು.

ಇಷ್ಟಾದರೂ ಸ್ಪರ್ಧೆಯ ದಿನ ಎಡವಿದ್ದು ಅಲ್ಲೇ. 74 ಕೆಜಿ ವಿಭಾಗ. ಸ್ಕ್ವಾಟ್ 155, 165, 170, ಮೂರೂ ಸಿಕ್ಕಿದವು. ಬೆಂಚ್‌ನ ಮೊದಲ ಸರದಿ, 97.5. ಗಡಿಬಿಡಿಯಲ್ಲಿ ‘ಪ್ರೆಸ್’ ಅನ್ನೋ ಮುಂಚೆಯೇ ಎತ್ತಿಬಿಟ್ಟೆ. ಮೂರು ಕೆಂಪು ದೀಪ. ಬರೆದುಕೊಂಡಿದ್ದ ಪ್ಲಾನ್‌ನಲ್ಲಿ ಮುಂದಿನದು 102.5. ಕೋಚ್ ಮುಖ ನೋಡಿದರು, “ಅದೇ ತೂಕ” ಅಂದೆ. ಬಾರ್ ಎದೆ ಮೇಲಿದ್ದ ಆ ಒಂದು ಕ್ಷಣ ಹನ್ನೆರಡು ವಾರಕ್ಕಿಂತ ಉದ್ದ ಇತ್ತು. ಬಿಳಿ ದೀಪ. ಮೂರನೇ ಸರದಿಯಲ್ಲಿ 102.5 ಕೂಡ ಬಂತು.

ಡೆಡ್‌ಲಿಫ್ಟ್ 177.5, ಆಮೇಲೆ 187.5. ಎರಡನೆಯದು ಮೊಣಕಾಲ ಹತ್ತಿರ ಸ್ವಲ್ಪ ತಡೆಯಿತು. ಮುಂದಿನ ತೂಕ ಹೇಳೋಕೆ ಇರೋದು ಒಂದೇ ನಿಮಿಷ. ಪ್ಲಾನ್‌ನಲ್ಲಿ 200 ಅಂತ ಬರೆದಿದ್ದೆ. ಆರು ತಿಂಗಳಿಂದ ಅದು ನನ್ನ ಲ್ಯಾಪ್‌ಟಾಪ್ ಮೇಲೆ ಅಂಟಿಸಿದ್ದ ಚೀಟಿಯಲ್ಲೂ ಇತ್ತು. 195 ಕೊಟ್ಟೆ. ಎದ್ದಿತು. ರೆಫರಿ ‘ಡೌನ್’ ಅನ್ನುವವರೆಗೂ ಹಿಡಿದು ನಿಂತೆ.

ಟೋಟಲ್ 467.5. ಪದಕ ಬರಲಿಲ್ಲ, ಹತ್ತಿರವೂ ಇರಲಿಲ್ಲ. ಆ ದಿನ 200 ಬರ್ತಿತ್ತೋ ಏನೋ, ಈಗಲೂ ಒಮ್ಮೊಮ್ಮೆ ತಲೆಗೆ ಬರುತ್ತೆ.

ರಾತ್ರಿ ಅಪ್ಪನಿಗೆ ಹೇಳಿದೆ. ಅವರು ಬಾಯಲ್ಲೇ ಲೆಕ್ಕ ಹಾಕಿದರು: “ಐವತ್ತು ಕೆಜಿ ಮೂಟೆ ಅಂದ್ರೆ ಒಂಬತ್ತು ಮೂಟೆ, ಮೇಲೆ ಹದಿನೇಳೂವರೆ ಕೆಜಿ. ಇದಕ್ಕೆ ಹನ್ನೆರಡು ವಾರ ಬೇಕಾಯ್ತೇನಪ್ಪಾ?”

ಚೀಟಿ ಇನ್ನೂ ಲ್ಯಾಪ್‌ಟಾಪ್ ಮೇಲಿದೆ. ಸೋಮವಾರದಿಂದ ಹೊಸ ಶೀಟ್.