ಗೇರ್ ನಾಬ್ ಬದಲಿಸುವ ಮುನ್ನ

ನಿಮ್ಮ ಮನೆಯ ಕಾರಿಗೆ ಎಂಟು-ಹತ್ತು ವರ್ಷವಾಗಿದ್ದರೆ ಒಮ್ಮೆ ಅದರ ಗೇರ್ ನಾಬನ್ನು ಗಮನಿಸಿ. ಗೇರ್ ಲಿವರ್‌ನ ತುದಿಯಲ್ಲಿ ಅಂಗೈ ತುಂಬ ಹಿಡಿಯುತ್ತೇವಲ್ಲ, ಆ ಗುಂಡು. ಅದರ ಮೇಲಿನ ಅಂಕಿಗಳು ಮಾಸಿರುತ್ತವೆ, ಮೇಲ್ಪದರ ಸುಲಿದಿರುತ್ತದೆ. ಕೆಲವು ಕಾರುಗಳಲ್ಲಿ ಅಂಗೈಗೆ ಅಂಟತೊಡಗುತ್ತದೆ. ಹೊಸದು ಹಾಕೋಣ ಎನ್ನಿಸುವುದು ಸಹಜ. ಐದು ನಿಮಿಷದ ಕೆಲಸ ತಾನೇ ಎಂದು ನಾವೂ ಅಂದುಕೊಂಡಿದ್ದೆವು.

ಕಳೆದ ಸಲ ಇವರು ಗಲ್ಫಿನಿಂದ ರಜೆಯಲ್ಲಿ ಬರುವಾಗ ಫಳಫಳ ಹೊಳೆಯುವ ಸ್ಟೀಲಿನ ನಾಬ್ ತಂದಿದ್ದರು. ಅಲ್ಲಿ ಅವರು ಓಡಿಸುವುದು ಟೊಯೋಟಾ ಪಿಕಪ್. ಅದಕ್ಕೆ ಕೂರುವುದು ಇದಕ್ಕೂ ಕೂರುತ್ತದೆ ಎಂಬ ಧೈರ್ಯ. ಅಂಗಳದಲ್ಲಿ ಕಾರು ನಿಲ್ಲಿಸಿ ಹಳೆಯದನ್ನು ತಿರುಗಿಸಿದರು. ಬರಲಿಲ್ಲ. ಇಕ್ಕಳ ಹಾಕಿ ಬಲವಾಗಿ ತಿರುಗಿಸಿದಾಗ ಬಂತು. ಹೊಸದೋ, ಸಡಿಲ. ಟೇಪ್ ಸುತ್ತಿ ಕೂರಿಸಿದರು.

ರಜೆ ಮುಗಿಸಿ ಅವರು ಹೊರಟ ಮೇಲೆ ಆ ಕಾರು ಓಡಿಸುವವಳು ನಾನು. ಒಂದು ಬೆಳಿಗ್ಗೆ ಶಾಲೆಯ ಹತ್ತಿರದ ಏರಿನಲ್ಲಿ ಎರಡನೇ ಗೇರಿಗೆ ಎಳೆದೆ; ನಾಬ್ ಕೈಗೇ ಬಂತು. ಹಿಂದೆ ಬಸ್ಸು, ಕಾರಿನೊಳಗೆ ಮೂವರು ಮಕ್ಕಳು. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರಿಯ ಕಬ್ಬಿಣದ ಕೋಲನ್ನೇ ಹಿಡಿದು ಹೇಗೋ ಪಕ್ಕಕ್ಕೆ ತಂದೆ. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಇಕ್ಕಳದಿಂದ ತಿರುಗಿಸಿದ ಬಲ ಲಿವರ್‌ನ ಬುಡಕ್ಕೆ ಇಳಿದು, ಗೇರ್ ಕೇಬಲ್ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ಸೀಳಿತ್ತು. ಕೆಲವು ದಿನಗಳಿಂದ ಮೂರನೇ ಗೇರ್ ಹುಡುಕಬೇಕಾಗಿ ಬರುತ್ತಿದ್ದುದು ಅದಕ್ಕೇ. ನಾನು ನನ್ನ ಕೈಯದೇ ತಪ್ಪೆಂದು ತಿಳಿದಿದ್ದೆ!

ಎಲ್ಲ ನಾಬ್‌ಗಳ ಒಳಗಿನ ಥ್ರೆಡ್ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಟೊಯೋಟಾದ್ದು ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪದ್ದು, ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರ್ ಅಂತರ. ಹೋಂಡಾದ್ದು 10 ಮಿಲಿಮೀಟರ್, ಅಂತರ 1.5. ನಿಸ್ಸಾನ್‌ನದೂ 10 ಮಿಲಿಮೀಟರೇ, ಆದರೆ ಅಂತರ 1.25. ಹಾಗಾಗಿ ದಪ್ಪ ಒಂದೇ ಇದ್ದರೂ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದಿರೋ, ಲಿವರ್‌ನ ಥ್ರೆಡ್ಡೇ ಹಾಳು. ಆಮೇಲೆ ಕಂಪನಿಯ ನಾಬ್ ಕೂಡ ನಿಲ್ಲದು. ಅಂಗಡಿಗೆ ಹೋಗುವಾಗ ಕಾರಿನ ಮಾಡೆಲ್ ಮತ್ತು ವರ್ಷ ಹೇಳಿ, ಸಾಧ್ಯವಾದರೆ ಹಳೆಯ ನಾಬನ್ನೇ ಒಯ್ದು ಹೋಲಿಸಿ.

ಇನ್ನು ಬಿಚ್ಚುವ ವಿಚಾರ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ನಿಮ್ಮ ನಾಬ್ ತಿರುಗಿಸಿ ತೆಗೆಯುವಂಥದ್ದೋ ಅಲ್ಲವೋ ಎಂದು ಮೊದಲು ನೋಡಿ. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ನಾಬ್ ಮತ್ತು ಕೆಳಗಿನ ಚರ್ಮದ ಕವರ್ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ, ಒಳಗೆ ಕ್ಲಿಪ್ ಹಿಡಿದಿರುತ್ತದೆ. ಅದನ್ನು ತಿರುಗಿಸಿದರೆ ಕವರ್ ಹರಿಯುತ್ತದೆ, ಅಷ್ಟೇ. ಕೆಲವದರಲ್ಲಿ ಬದಿಯಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಅದಕ್ಕೆ ಎಲ್ ಕೀ ಬೇಕು. ಕವರಿನ ಚೌಕಟ್ಟನ್ನು ಎಬ್ಬಿಸಬೇಕಾದರೆ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿಕೊಳ್ಳಿ. ಹಳೆಯ ಪ್ಲಾಸ್ಟಿಕ್ ಗಡಸಾಗಿರುತ್ತದೆ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿದರೆ ಮೆದುವಾಗಿ ಕ್ಲಿಪ್‌ಗಳು ಮುರಿಯುವುದು ತಪ್ಪುತ್ತದೆ.

ತಿರುಗಿಸುವಂಥದ್ದಾದರೆ ಕವರನ್ನು ಕೆಳಗೆ ಸರಿಸಿ, ಒಂದು ಕೈಯಿಂದ ಲಿವರನ್ನು ಗಟ್ಟಿಯಾಗಿ ಹಿಡಿಯಿರಿ. ಇದನ್ನು ದಯವಿಟ್ಟು ಮರೆಯಬೇಡಿ. ಬಲ ನಿಮ್ಮ ಎರಡು ಕೈಗಳ ನಡುವೆಯೇ ಉಳಿಯಬೇಕು, ಬುಡಕ್ಕೆ ಇಳಿಯಬಾರದು. ಇನ್ನೊಂದು ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಬಾಟಲಿಯ ಮುಚ್ಚಳ ತೆಗೆಯುವಂತೆ ಎಡಕ್ಕೆ ತಿರುಗಿಸಿ. ಬರದಿದ್ದರೆ ಒಳಗೆ ಅಂಟು ಹಾಕಿರಬಹುದು. ಕೂದಲು ಒಣಗಿಸುವ ಹೇರ್ ಡ್ರೈಯರ್‌ನಿಂದ ಐದಾರು ನಿಮಿಷ ಬಿಸಿ ಮಾಡಿ ಮತ್ತೆ ಪ್ರಯತ್ನಿಸಿ. ಆಗಲೂ ಬರದಿದ್ದರೆ ಗ್ಯಾರೇಜಿಗೆ ಒಯ್ಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಮೇಲಕ್ಕೆ ಎಳೆದು ತೆಗೆಯುವ ಬಗೆಯದಾದರೆ ಮುಖವನ್ನು ಅದರ ನೇರಕ್ಕೆ ತರಬೇಡಿ. ಒಮ್ಮೆಲೇ ಬಿಟ್ಟುಬಂದರೆ ಗಲ್ಲಕ್ಕೋ ಹಲ್ಲಿಗೋ ಬಡಿಯುತ್ತದೆ.

ಹೊಸದನ್ನು ಕೂರಿಸುವಾಗ ಮೊದಲು ಒಂದು ಸುತ್ತು ಎಡಕ್ಕೇ ತಿರುಗಿಸಿ. ಥ್ರೆಡ್ ಸೇರುವಲ್ಲಿ 'ಟಿಕ್' ಎಂದು ಕೂರುವುದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ. ಬಿಗಿಯಾದಾಗ ಗೇರಿನ ಚಿತ್ರ ಓರೆಯಾಗಿ ನಿಂತರೆ ಇನ್ನಷ್ಟು ಒತ್ತಿ ತಿರುಗಿಸಬೇಡಿ. ಅದಕ್ಕೆಂದೇ ಕೆಳಗೆ ಹಾಕುವ ಲಾಕ್ ನಟ್ ಸಿಗುತ್ತದೆ. ಗಟ್ಟಿ ಅಂಟಂತೂ ಬೇಡವೇ ಬೇಡ, ಮುಂದೊಂದು ದಿನ ಬಿಚ್ಚುವವರು ನೀವೇ.

ರಿವರ್ಸ್ ಗೇರಿನ ಬಗ್ಗೆ ಒಂದು ಎಚ್ಚರಿಕೆ. ರೆನೋ ಡಸ್ಟರ್‌ನಂತಹ ಕಾರುಗಳಲ್ಲಿ ನಾಬ್‌ನ ಕೆಳಗಿನ ರಿಂಗ್ ಎತ್ತಿದರೆ ಮಾತ್ರ ರಿವರ್ಸ್ ಬೀಳುತ್ತದೆ. ರಿಂಗ್ ಇಲ್ಲದ ಅಂದದ ನಾಬ್ ಹಾಕಿದರೆ ಹಿಂದೆ ಬರುವ ದಾರಿಯೇ ಮುಚ್ಚಿತು. ಆಟೋಮ್ಯಾಟಿಕ್ ಕಾರಿನ ನಾಬ್‌ನಲ್ಲಿ ಬಟನ್ ಇದ್ದರೆ ಮನೆಯಲ್ಲಿ ಕೈ ಹಾಕದಿರುವುದೇ ಲೇಸು. ನಾಬ್ ಮೇಲಿನ ಚಿತ್ರವೂ ನಿಮ್ಮ ಕಾರಿನದ್ದೇ ಆಗಿರಲಿ. ಇವರು ತಂದದ್ದರಲ್ಲಿ ಆರು ಗೇರುಗಳಿದ್ದವು, ನಮ್ಮ ಕಾರಿಗೆ ಇರುವುದು ಐದು. ಈಗಷ್ಟೇ ಡ್ರೈವಿಂಗ್ ಕಲಿಯುತ್ತಿರುವ ನನ್ನ ತಂಗಿ ಅದನ್ನು ನಂಬಿ ರಿವರ್ಸ್ ಹುಡುಕಿದ್ದರೆ? ಸ್ಟೀಲಿನದು ಏಪ್ರಿಲ್ ಬಿಸಿಲಿಗೆ ದೋಸೆ ಕಾವಲಿಯಂತೆ ಸುಡುತ್ತದೆ ಎಂಬುದು ಬೇರೆ ಮಾತು.

"ನಿನಗೆ ಯಾವುದು ಬೇಕೆಂದು ಕೇಳಿಯೇ ತರಬೇಕಿತ್ತು" ಎಂದು ಇವರು ಫೋನಿನಲ್ಲಿ ಹೇಳಿದರು. ನಾನು ಬಿಡಿಭಾಗದ ಅಂಗಡಿಯಿಂದ ನಮ್ಮ ಮಾಡೆಲಿನದೇ ಕಪ್ಪು ನಾಬ್ ತಂದು ನಾನೇ ಕೂರಿಸಿದೆ. ಕ್ಲಚ್ ಒತ್ತಿ, ಎಂಜಿನ್ ಆಫ್ ಇಟ್ಟುಕೊಂಡೇ ಐದೂ ಗೇರು ಮತ್ತು ರಿವರ್ಸ್ ಹಾಕಿ ನೋಡಿದೆ. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಕೈಯಲ್ಲಿ ಬಿಗಿ ಮಾಡಬೇಕು; ಹೊಸ ನಾಬ್ ಮೊದಲ ದಿನಗಳಲ್ಲಿ ಸ್ವಲ್ಪ ಸಡಿಲುವುದುಂಟು.